ಖನಿಜವಿಜ್ಞಾನಿ ಆನಂದ ಕುಮಾರಸ್ವಾಮಿ

ಆನಂದ ಕೆಂಟಿಶ್ ಕುಮಾರಸ್ವಾಮಿ (1877–1947) ಶ್ರೀಲಂಕಾದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, ಅಮೆರಿಕದಲ್ಲಿ ತೀರಿಕೊಂಡ ವಿದ್ವಾಂಸರು. ಕನ್ನಡ ಓದುಗರಿಗೆ ಅವರು ನಟರಾಜನ ತಾಂಡವದ ಅರ್ಥ ಬಿಡಿಸಿದವರು, ರಜಪೂತ ಚಿತ್ರಕಲೆಯನ್ನು ಜಗತ್ತಿಗೆ ತೋರಿಸಿದವರು. ಕಲಾ ಇತಿಹಾಸದ ಪುಸ್ತಕಗಳಲ್ಲಿ ‘ಮೊದಲು ಭೂವಿಜ್ಞಾನಿಯಾಗಿದ್ದರು’ ಎಂಬ ಮಾತು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಆ ಒಂದು ಸಾಲಿನ ಹಿಂದೆ ಲಂಡನ್ನಿನ ಡಿ.ಎಸ್‌ಸಿ. ಪದವಿಯಿದೆ, ಒಂದು ದೇಶದ ಖನಿಜ ಸಮೀಕ್ಷೆಯ ಮೊದಲ ನಿರ್ದೇಶಕತ್ವವಿದೆ, ವಿಜ್ಞಾನಕ್ಕೆ ಹೊಸದಾಗಿ ಸೇರಿದ ಎರಡು ಖನಿಜಗಳಿವೆ. ಅವುಗಳಲ್ಲಿ ಒಂದು, ಪರಮಾಣು ವಿಜ್ಞಾನದ ಕಥೆಯೊಳಕ್ಕೂ ನುಸುಳಿತು.

ತಂದೆ ಸರ್ ಮುತ್ತು ಕುಮಾರಸ್ವಾಮಿ ಕೊಲಂಬೊದ ತಮಿಳು ಮನೆತನದ ವಕೀಲರು, ಸಿಲೋನಿನ ಶಾಸನಸಭೆಯ ಸದಸ್ಯರು. ಹರಿಶ್ಚಂದ್ರನ ಕಥೆಯನ್ನೂ ಪಾಲಿಯ ಸುತ್ತನಿಪಾತದ ಭಾಗಗಳನ್ನೂ ಇಂಗ್ಲಿಷಿಗೆ ತಂದವರು. ತಾಯಿ ಎಲಿಜಬೆತ್ ಬೀಬಿ ಇಂಗ್ಲೆಂಡಿನ ಕೆಂಟ್ ಪ್ರಾಂತದವರು. ಮಗನ ಹೆಸರಿನ ನಡುವೆ ಕೂತಿರುವ ‘ಕೆಂಟಿಶ್’ ಅಲ್ಲಿಂದಲೇ ಬಂದದ್ದು. ಆನಂದರು ಹುಟ್ಟಿದ್ದು 1877ರ ಆಗಸ್ಟ್ 22ರಂದು. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು, ಬಾಲ್ಯ ತಾಯಿಯ ಜೊತೆ ಇಂಗ್ಲೆಂಡಿನಲ್ಲೇ ಕಳೆಯಿತು. ಗ್ಲಾಸ್ಟರ್‌ಶೈರ್‌ನ ವಿಕ್ಲಿಫ್ ಕಾಲೇಜು ಎಂಬ ಶಾಲೆಯಲ್ಲಿ ಓದಿದರು. ಪಳೆಯುಳಿಕೆಗಳಿಗೆ ಹೆಸರಾದ ಸುಣ್ಣಕಲ್ಲಿನ ಗುಡ್ಡಗಳ ಸೀಮೆ ಅದು. ಕಲ್ಲಿನ ಹುಚ್ಚು ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ.

1900ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಿಂದ ಭೂವಿಜ್ಞಾನ ಮತ್ತು ಸಸ್ಯವಿಜ್ಞಾನದಲ್ಲಿ ಪದವಿ ಬಂತು. ಅದೇ ವರ್ಷ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ತ್ರೈಮಾಸಿಕದಲ್ಲಿ ಸಿಲೋನಿನ ಶಿಲೆಗಳು ಮತ್ತು ಗ್ರಾಫೈಟ್ ಕುರಿತು ಅವರ ಪ್ರಬಂಧ ಅಚ್ಚಾಯಿತು. ಇಪ್ಪತ್ಮೂರರ ತರುಣ ಈ ವಿಷಯ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಆ ಕಾಲಕ್ಕೆ ಉತ್ತಮ ದರ್ಜೆಯ ಗ್ರಾಫೈಟ್ ಎಂದರೆ ಸಿಲೋನು. ಲೋಹ ಕರಗಿಸುವ ಮೂಸೆಗಳಿಗೆ ಯೂರೋಪು ಅಮೆರಿಕಗಳ ಕಾರ್ಖಾನೆಗಳು ಈ ದ್ವೀಪದ ಕಡೆಗೇ ನೋಡುತ್ತಿದ್ದವು. ಬೇರೆ ಕಡೆ ಗ್ರಾಫೈಟ್ ಸಾಮಾನ್ಯವಾಗಿ ಶಿಲೆಯೊಳಗೆ ಹಾಳೆಹಾಳೆಯಾಗಿ ಹರಡಿಕೊಂಡಿರುತ್ತದೆ. ಇಲ್ಲಿಯದು ಬಂಡೆಯ ಬಿರುಕುಗಳನ್ನು ತುಂಬಿ ನರದಂತೆ ಇಳಿದಿರುತ್ತದೆ. ಈ ಇಂಗಾಲ ಎಲ್ಲಿಂದ ಬಂತು, ಬಿರುಕಿನೊಳಗೆ ಹೇಗೆ ನೆಲೆಸಿತು ಎಂಬುದು ಆಗಿನ ಭೂವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ.

ಮುಂದಿನ ಎರಡು ಮೂರು ವರ್ಷಗಳಲ್ಲಿ ಒಂದರ ಹಿಂದೊಂದು ಪ್ರಬಂಧಗಳು ಬಂದವು: ಸಿಲೋನಿನ ಸ್ಫಟಿಕೀಯ ಸುಣ್ಣಕಲ್ಲು, ಗಾಲ್ ಊರಿನ ಸುತ್ತಲ ವೊಲಾಸ್ಟನೈಟ್ ಭರಿತ ನೈಸ್ ಶಿಲೆಗಳು, ಸ್ಕಾಟ್ಲೆಂಡಿನ ಟೈರೀ ದ್ವೀಪದ ಅಮೃತಶಿಲೆ. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸೆಳೆತ ಕಾಣುತ್ತದೆ. ಶಾಖ, ಒತ್ತಡಗಳಿಗೆ ಸಿಕ್ಕಿ ರೂಪಾಂತರಗೊಂಡ ಶಿಲೆಗಳೇ ಅವರ ಪ್ರೀತಿಯ ವಿಷಯ. ಹಳೆಯ ಸುಣ್ಣಕಲ್ಲು ನೆಲದಾಳದಲ್ಲಿ ಬೆಂದು, ಪಕ್ಕದ ಶಿಲೆಯೊಡನೆ ಸರಕು ವಿನಿಮಯ ಮಾಡಿಕೊಂಡು, ಎರಡರಲ್ಲೂ ಇಲ್ಲದ ಹೊಸ ಖನಿಜಗಳನ್ನು ಹುಟ್ಟಿಸುವ ಗಡಿಭಾಗದಲ್ಲಿ ಅವರ ಕಣ್ಣು ನೆಟ್ಟಿತ್ತು.

ಅಂಥ ಗಡಿಯಲ್ಲಿ ಸಿಕ್ಕಿದ್ದೇ ಸೆರೆಂಡಿಬೈಟ್. ಗಂಗಪಿಟಿಯ ಎಂಬಲ್ಲಿ, ಸುಣ್ಣಕಲ್ಲೂ ಬೇರೊಂದು ಶಿಲೆಯೂ ಸೇರುವೆಡೆ, ನೀಲಿ ಛಾಯೆಯ ಕಣಗಳು ಕಂಡವು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಖನಿಜತಜ್ಞ ಜಿ. ಟಿ. ಪ್ರಯರ್ ಜೊತೆ ಕೂಡಿ ಕುಮಾರಸ್ವಾಮಿ ಇದನ್ನು ಹೊಸ ಖನಿಜವೆಂದು ವರ್ಣಿಸಿದರು. ಪ್ರಬಂಧ 1903ರಲ್ಲಿ ‘ಮಿನರಲಾಜಿಕಲ್ ಮ್ಯಾಗಜೀನ್’ನಲ್ಲಿ ಬಂತು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯುಮಿನಿಯಂಗಳ ಜೊತೆ ಬೋರಾನ್ ಸೇರಿದ ಸಿಲಿಕೇಟ್ ಇದು. ಅರಬರು ಲಂಕೆಯನ್ನು ಸೆರೆಂದಿಬ್ ಎನ್ನುತ್ತಿದ್ದರಷ್ಟೆ, ಹೆಸರು ಅಲ್ಲಿಂದ. ಬಹುಕಾಲ ಇದು ಸಂಗ್ರಹಾಲಯದ ಪೆಟ್ಟಿಗೆಗಳಲ್ಲೇ ಉಳಿಯಿತು. ಕತ್ತರಿಸಿ ಹೊಳಪಿಡಬಹುದಾದ ಹರಳುಗಳು ತೀರಾ ಇತ್ತೀಚಿನವರೆಗೂ ಸಿಕ್ಕಿರಲಿಲ್ಲ, ಸಿಕ್ಕ ಮೇಲೆ ಜಗತ್ತಿನ ಅತಿ ವಿರಳ ರತ್ನಗಳ ಸಾಲಿಗೆ ಸೇರಿತು.

1902ರಲ್ಲಿ ಎಥೆಲ್ ಪಾರ್ಟ್ರಿಜ್ ಅವರನ್ನು ಮದುವೆಯಾಗಿ ಕುಮಾರಸ್ವಾಮಿ ಸಿಲೋನಿಗೆ ಬಂದರು. ಮರುವರ್ಷ ಸರ್ಕಾರ ಆರಂಭಿಸಿದ ಖನಿಜ ಸಮೀಕ್ಷೆಗೆ ಅವರೇ ಮೊದಲ ನಿರ್ದೇಶಕರು. ಇಂದಿನ ಶ್ರೀಲಂಕಾದ ಭೂವೈಜ್ಞಾನಿಕ ಸಮೀಕ್ಷೆ ಮತ್ತು ಗಣಿ ಇಲಾಖೆ ತನ್ನ ವಂಶಾವಳಿಯನ್ನು ಈ 1903ರಿಂದಲೇ ಎಣಿಸುತ್ತದೆ. ನಿರ್ದೇಶಕ ಎಂದರೆ ಮೇಜಿನ ಹಿಂದೆ ಕೂತವರಲ್ಲ. ಎತ್ತಿನ ಗಾಡಿ, ಡೇರೆ, ಸುತ್ತಿಗೆ, ನಕ್ಷೆ ಹಿಡಿದು ಕ್ಯಾಂಡಿ ಸೀಮೆಯ ಬೆಟ್ಟಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಬಿಡಾರ ಬದಲಿಸುವ ಕೆಲಸ. ವರ್ಷಕ್ಕೊಂದು ಆಡಳಿತ ವರದಿ. ಜೊತೆಗೆ ಹೆಂಡತಿಯ ಕ್ಯಾಮೆರಾ.

ಈ ಬೆಟ್ಟಗಳ ಶಿಲೆ ಕನ್ನಡನಾಡಿಗೆ ಅಪರಿಚಿತವಲ್ಲ. ಚಾರ್ನೊಕೈಟ್ ಎಂಬ ಗಟ್ಟಿ, ಮಬ್ಬು ಹಸಿರಿನ ಶಿಲೆಯನ್ನು ಮದರಾಸಿನ ಬಳಿ ಗುರುತಿಸಿ, ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್‌ನ ಗೋರಿಕಲ್ಲು ಅದೇ ಜಾತಿಯದೆಂದು ಅವನ ಹೆಸರನ್ನೇ ಇಟ್ಟವರು ಭಾರತದ ಭೂವೈಜ್ಞಾನಿಕ ಸಮೀಕ್ಷೆಯ ಥಾಮಸ್ ಹಾಲೆಂಡ್. ಆ ಬಗ್ಗೆ ಅವರ ದೊಡ್ಡ ಗ್ರಂಥ ಬಂದದ್ದು 1900ರಲ್ಲಿ, ಕುಮಾರಸ್ವಾಮಿ ತಮ್ಮ ಮೊದಲ ಪ್ರಬಂಧ ಪ್ರಕಟಿಸಿದ ವರ್ಷವೇ. ಬಿಳಿಗಿರಿರಂಗನ ಬೆಟ್ಟದ ಬಹುಭಾಗ ಇದೇ ಚಾರ್ನೊಕೈಟ್. ಲಂಕೆಯ ಮಲೆಸೀಮೆಯಲ್ಲೂ ಇದೇ ಕುಲದ ಶಿಲೆಗಳಿವೆ. ಗೊಂಡ್ವಾನ ಭೂಖಂಡ ಒಡೆಯುವ ಮೊದಲು ಇವೆಲ್ಲ ಒಂದೇ ನೆಲದ ಅಕ್ಕಪಕ್ಕದ ತುಂಡುಗಳು ಎಂಬುದು ಆಮೇಲೆ ತಿಳಿಯಿತು. ಕುಮಾರಸ್ವಾಮಿ ಸಮೀಕ್ಷೆಯಲ್ಲಿದ್ದ ಕಾಲಕ್ಕೆ ಭೂಖಂಡಗಳು ಚಲಿಸುತ್ತವೆ ಎಂದು ಯಾರೂ ಗಂಭೀರವಾಗಿ ಹೇಳುತ್ತಿರಲಿಲ್ಲ. ಆದರೂ ಲಂಕೆಯ ಶಿಲೆ ಓದುವವರು ದಕ್ಷಿಣ ಭಾರತದ ಶಿಲೆ ಓದದೆ ಮುಂದೆ ಹೋಗುವಂತಿರಲಿಲ್ಲ.

ಇನ್ನು ಆ ಎರಡನೆಯ ಖನಿಜ. ಲಂಕೆಯ ಸಬರಗಮುವ ಪ್ರಾಂತ ರತ್ನಗಳ ಸೀಮೆ. ಅಲ್ಲಿ ನೆಲದಡಿಯ ಜಲ್ಲಿಪದರಕ್ಕೆ ‘ಇಲ್ಲಮ್’ ಎನ್ನುತ್ತಾರೆ. ಗುಂಡಿ ತೋಡಿ ಇಲ್ಲಮ್ ತೆಗೆದು, ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲು ಬೇರ್ಪಡಿಸುವ ಹಾಗೆ, ಬುಟ್ಟಿಯಲ್ಲಿ ಸುತ್ತಿಸಿ ಸುತ್ತಿಸಿ ತೊಳೆಯುತ್ತಾರೆ. ಹಗುರ ಮರಳು ಹೊರಗೆ ಹೋಗುತ್ತದೆ, ತೂಕದ ಕಣಗಳು ತಳದಲ್ಲಿ ನಿಲ್ಲುತ್ತವೆ. ನೀಲ, ಕೆಂಪು, ವೈಡೂರ್ಯ ಆರಿಸಿಕೊಂಡ ಮೇಲೆ ಉಳಿಯುವ ಕರಿಮರಳನ್ನು ಯಾರೂ ಕೇಳುತ್ತಿರಲಿಲ್ಲ. ಬಲಂಗೊಡದ ಕಡೆಯ ಇಂಥ ಶೇಷದಲ್ಲಿ ಸಣ್ಣ, ಕಪ್ಪು, ಘನಾಕೃತಿಯ, ಗಾತ್ರಕ್ಕೆ ಮೀರಿ ಭಾರವಾದ ಹರಳುಗಳಿದ್ದವು. ಸಾಮಾನ್ಯ ಬೆಣಚುಕಲ್ಲು ನೀರಿಗಿಂತ ಎರಡೂವರೆ ಪಟ್ಟು ಭಾರವಾದರೆ, ಇದು ಒಂಬತ್ತು ಪಟ್ಟಿಗೂ ಹೆಚ್ಚು. ಕುಮಾರಸ್ವಾಮಿ ಇದನ್ನು ಯುರಾನಿನೈಟ್, ಅಂದರೆ ಯುರೇನಿಯಂ ಆಕ್ಸೈಡಿನ ಖನಿಜ, ಎಂದು ಗುರುತಿಸಿದರು. ಲಂಡನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ವಿಂಡಮ್ ಡನ್‌ಸ್ಟನ್ ರಾಸಾಯನಿಕ ವಿಶ್ಲೇಷಣೆ ಮಾಡಿದಾಗ ಅದರಲ್ಲಿ ಶೇಕಡಾ 70ಕ್ಕೂ ಮೀರಿ ಥೋರಿಯಂ ಆಕ್ಸೈಡ್ ಇರುವುದು ಗೊತ್ತಾಯಿತು. 1904ರಲ್ಲಿ ಥೋರಿಯನೈಟ್ ಎಂಬ ಹೊಸ ಹೆಸರು ಬಿತ್ತು.

ಹಾಗಾದರೆ ಕಂಡುಹಿಡಿದವರು ಯಾರು? ಕುಮಾರಸ್ವಾಮಿಯವರ ಅಭಿಮಾನಿಗಳು ಡನ್‌ಸ್ಟನ್‌ನ ಹೆಸರು ಹೇಳುವುದಿಲ್ಲ, ರಸಾಯನಶಾಸ್ತ್ರದ ಕಡೆಯವರು ಕುಮಾರಸ್ವಾಮಿಯ ಹೆಸರನ್ನು ಬಿಟ್ಟೇ ಮುಂದೆ ಹೋಗುತ್ತಾರೆ. ನ್ಯಾಯವಾಗಿ ನೋಡಿದರೆ ಕರಿಮರಳಿನಲ್ಲಿ ಇದೊಂದು ಬೇರೆಯೇ ವಸ್ತು ಎಂದು ಕಂಡದ್ದು ಸಮೀಕ್ಷೆಯ ಕಣ್ಣು, ಅದೇನೆಂದು ಹೇಳಿದ್ದು ಪ್ರಯೋಗಾಲಯ. ಯುರಾನಿನೈಟ್ ಎಂದದ್ದೂ ಅಂಥ ದೊಡ್ಡ ಪ್ರಮಾದವಲ್ಲ. ಎರಡೂ ಖನಿಜಗಳ ಒಳರಚನೆ ಒಂದೇ, ಯುರೇನಿಯಮ್ಮಿನ ಜಾಗದಲ್ಲಿ ಥೋರಿಯಂ, ಥೋರಿಯಮ್ಮಿನ ಜಾಗದಲ್ಲಿ ಯುರೇನಿಯಂ ಸಲೀಸಾಗಿ ಕೂರುತ್ತವೆ, ಹೊರನೋಟಕ್ಕೆ ಎರಡೂ ಭಾರವಾದ ಕಪ್ಪು ಘನಗಳೇ. ಕ್ಷಕಿರಣದಿಂದ ಹರಳಿನ ಒಳಮನೆ ನೋಡುವ ವಿದ್ಯೆ ಹುಟ್ಟಲು ಇನ್ನೂ ಎಂಟು ವರ್ಷ ಬಾಕಿಯಿತ್ತು.

ಥೋರಿಯಮ್ಮಿಗೆ ಆಗ ಬೆಲೆಯಿದ್ದದ್ದು ಬೆಳಕಿಗಾಗಿ. ಗ್ಯಾಸ್‌ದೀಪದ ಮ್ಯಾಂಟಲ್ಲು ಬಹುಪಾಲು ಥೋರಿಯಂ ಆಕ್ಸೈಡೇ, ಅದರೊಳಗೆ ಶೇಕಡಾ ಒಂದರಷ್ಟು ಸೀರಿಯಂ. ನಮ್ಮ ಯಕ್ಷಗಾನದ ರಂಗಸ್ಥಳಗಳನ್ನೂ ಮದುವೆ ಚಪ್ಪರಗಳನ್ನೂ ಬೆಳಗಿದ ಪೆಟ್ರೋಮ್ಯಾಕ್ಸ್ ಉರಿದದ್ದು ಇದೇ ಗುಣದಿಂದ. ಆದರೆ ಥೋರಿಯನೈಟಿನ ದೊಡ್ಡ ಕಥೆ ನಡೆದದ್ದು ದೀಪದ ಅಂಗಡಿಯಲ್ಲಲ್ಲ, ಕುಮಾರಸ್ವಾಮಿ ಓದಿದ್ದ ಅದೇ ಯೂನಿವರ್ಸಿಟಿ ಕಾಲೇಜಿನಲ್ಲಿ. ಅಲ್ಲಿನ ವಿಲಿಯಂ ರ‍್ಯಾಮ್ಸೆಯ ಪ್ರಯೋಗಾಲಯಕ್ಕೆ 1904ರಲ್ಲಿ ಜರ್ಮನಿಯಿಂದ ಒಟ್ಟೊ ಹಾನ್ ಎಂಬ ತರುಣ ಬಂದ. ಇಂಗ್ಲಿಷ್ ಕಲಿತು, ಊರಿಗೆ ಮರಳಿ, ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ ಹಿಡಿಯುವುದು ಅವನ ಲೆಕ್ಕಾಚಾರ. ಸಿಲೋನಿನ ಥೋರಿಯನೈಟಿನಿಂದ ತೆಗೆದ ಬೇರಿಯಂ ಲವಣವನ್ನು ರ‍್ಯಾಮ್ಸೆ ಅವನ ಕೈಗಿತ್ತು, ಇದರಲ್ಲಿರುವ ರೇಡಿಯಂ ಬೇರ್ಪಡಿಸು ಎಂದರು. ರೇಡಿಯಂ ಹುಡುಕುತ್ತ ಹೊರಟವನಿಗೆ ಇನ್ನೊಂದು ವಿಕಿರಣಶೀಲ ವಸ್ತು ಸಿಕ್ಕಿತು. ಅದಕ್ಕೆ ರೇಡಿಯೋಥೋರಿಯಂ ಎಂದು ಹೆಸರಿಟ್ಟ. ಇಂದಿನ ಲೆಕ್ಕದಲ್ಲಿ ಥೋರಿಯಂ-228. ಅಮೆರಿಕದ ಬೋಲ್ಟ್‌ವುಡ್ ಮೊದಲಿಗೆ ಇದನ್ನು ಗೇಲಿ ಮಾಡಿದ, ಆಮೇಲೆ ಒಪ್ಪಬೇಕಾಯಿತು. ರ‍್ಯಾಮ್ಸೆಯ ಸಲಹೆಯಂತೆ ಹಾನ್ ಕಾರ್ಖಾನೆಯ ಆಸೆ ಬಿಟ್ಟ. ಮಾಂಟ್ರಿಯಲ್‌ನಲ್ಲಿ ರುದರ್‌ಫೋರ್ಡ್ ಬಳಿ ಕೆಲಸ ಮಾಡಿ ಬರ್ಲಿನ್ನಿಗೆ ಹೋದ. 1938ರ ಕೊನೆಯಲ್ಲಿ ಅಲ್ಲಿಯೇ, ಫ್ರಿಟ್ಸ್ ಸ್ಟ್ರಾಸ್‌ಮನ್ ಜೊತೆ, ಯುರೇನಿಯಂ ಪರಮಾಣು ಒಡೆಯುವುದರ ರಾಸಾಯನಿಕ ಸಾಕ್ಷ್ಯ ಕಂಡ. ಅದರ ಅರ್ಥವನ್ನು ಬಿಡಿಸಿದವರು ಲೀಸ ಮೈಟ್ನರ್ ಮತ್ತು ಒಟ್ಟೊ ಫ್ರಿಶ್.

ಈ ಹರಳಿಗೆ ಇನ್ನೊಂದು ಉಪಯೋಗವೂ ಒದಗಿತು. ಥೋರಿಯಂ, ಯುರೇನಿಯಂ ಕ್ಷಯಿಸುವಾಗ ಹೀಲಿಯಂ ಹುಟ್ಟಿ ಹರಳಿನೊಳಗೇ ಸಿಕ್ಕಿಬೀಳುತ್ತದೆ. ಲಂಕೆಯ ಥೋರಿಯನೈಟಿನ ಒಂದು ಗ್ರಾಂ ಪುಡಿಯಲ್ಲಿ ಎಂಟೊಂಬತ್ತು ಘನ ಸೆಂಟಿಮೀಟರ್ ಹೀಲಿಯಂ ಸಿಗುತ್ತಿತ್ತು. ಆರ್. ಜೆ. ಸ್ಟ್ರಟ್ ಎಂಬ ಭೌತವಿಜ್ಞಾನಿ 1910ರ ಹೊತ್ತಿಗೆ ಈ ಹರಳಿನಲ್ಲಿ ಹೀಲಿಯಂ ಹುಟ್ಟುವ ವೇಗವನ್ನೇ ನೇರವಾಗಿ ಅಳೆದ. ಕೂಡಿಟ್ಟದ್ದು ಇಷ್ಟು, ಹುಟ್ಟುವ ವೇಗ ಇಷ್ಟು ಎಂದಾದರೆ ಹರಳಿನ ವಯಸ್ಸು ಕೋಟಿಗಟ್ಟಲೆ ವರ್ಷ. ಭೂಮಿಗೆ ಕೇವಲ ಎರಡು ನಾಲ್ಕು ಕೋಟಿ ವರ್ಷ ಕೊಟ್ಟಿದ್ದ ಲಾರ್ಡ್ ಕೆಲ್ವಿನ್ನನ ಲೆಕ್ಕವನ್ನು ಕೆಡವಿದ ಸಾಕ್ಷಿಗಳಲ್ಲಿ ಬಲಂಗೊಡ ಕಡೆಯ ಕರಿಮರಳೂ ಒಂದು.

ಲಂಡನ್ನಿನಲ್ಲಿ ಹಾನ್ ರೇಡಿಯಂ ಹುಡುಕುತ್ತಿದ್ದಾಗ ಕುಮಾರಸ್ವಾಮಿ ಎಲ್ಲಿದ್ದರು? ಕ್ಯಾಂಡಿಯಲ್ಲಿ ಕೂತು ಐಸ್‌ಲ್ಯಾಂಡಿನ ಹಳೆಯ ಭಾಷೆಯಿಂದ ‘ವೊಲುಸ್ಪಾ’ ಎಂಬ ಪುರಾಣಕಾವ್ಯವನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದರು. ಅದು 1905ರಲ್ಲಿ ಕ್ಯಾಂಡಿಯಲ್ಲೇ ಅಚ್ಚಾಯಿತು. ಖನಿಜ ಸಮೀಕ್ಷೆಯ ನಿರ್ದೇಶಕನಿಗೆ ಇದೇಕೆ ಬೇಕಿತ್ತು ಎಂದು ಸರ್ಕಾರದವರು ಕೇಳಿದ್ದರೆ ಆಶ್ಚರ್ಯವಿಲ್ಲ. ಅದೇ ವರ್ಷ, ಪರದೇಶದ ಉಡುಗೆಯನ್ನು ತೊಟ್ಟು ಸ್ವಂತದ್ದನ್ನು ಮರೆಯುವವರನ್ನು ಟೀಕಿಸುವ ‘ಬಾರೋಡ್ ಪ್ಲೂಮ್ಸ್’ ಎಂಬ ಕಿರುಹೊತ್ತಗೆ ಹೊರಬಂತು. ಸಿಲೋನ್ ಸಮಾಜ ಸುಧಾರಣಾ ಸಂಘ ಕಟ್ಟುವುದರಲ್ಲೂ ಅದರ ಪತ್ರಿಕೆ ನಡೆಸುವುದರಲ್ಲೂ ಅವರೇ ಮುಂದು. ಸಮೀಕ್ಷೆಯ ಬಿಡಾರಗಳಲ್ಲಿ ಹಗಲು ಕಲ್ಲು ನೋಡಿದವರು ಸಂಜೆ ಹಳ್ಳಿಯ ಕುಂಬಾರ, ಕಮ್ಮಾರ, ಚಾಪೆ ನೇಯುವವರು, ಗುಡಿಯ ಗೋಡೆಗೆ ಚಿತ್ರ ಬರೆಯುವವರ ಮನೆಗಳಲ್ಲಿ ಇರುತ್ತಿದ್ದರು. ಎಥೆಲ್ ಫೋಟೊ ತೆಗೆಯುತ್ತಿದ್ದರು.

ಕುಮಾರಸ್ವಾಮಿಯವರ ಟಿಪ್ಪಣಿಗಳಿಂದ ಹುಟ್ಟಿದ ‘ಮಿಡೀವಲ್ ಸಿಂಹಲೀಸ್ ಆರ್ಟ್’ (1908) ಓದಿದರೆ ಖನಿಜತಜ್ಞ ಎಲ್ಲೂ ರಜೆ ಹಾಕಿಲ್ಲ ಎಂಬುದು ತಿಳಿಯುತ್ತದೆ. ಬಣ್ಣ ಯಾವ ಮಣ್ಣಿನದು, ಯಾವ ಮರದ ಅಂಟಿನದು, ಮೆರುಗೆಣ್ಣೆ ಹಾಕುವ ಕ್ರಮ ಏನು, ಲೋಹಕ್ಕೆ ಎಷ್ಟು ಬೆಂಕಿ ಎಂದೆಲ್ಲ ವಿಚಾರಿಸಿ ಬರೆದಿದ್ದಾರೆ. ಬಲಂಗೊಡ ಪ್ರದೇಶದಲ್ಲಿ ಕೊನೆಯುಸಿರು ಹಿಡಿದಿದ್ದ ಕಬ್ಬಿಣದ ಕುಲುಮೆಗಳನ್ನೂ ಮೂಸೆಯಲ್ಲಿ ಉಕ್ಕು ಮಾಡುವ ಕ್ರಮವನ್ನೂ ಕಣ್ಣಾರೆ ಕಂಡು ದಾಖಲಿಸಿದರು. ಅದಕ್ಕೆ ನೂರು ವರ್ಷ ಮೊದಲು, 1800–01ರಲ್ಲಿ, ಮೈಸೂರು ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥದೇ ಕುಲುಮೆಗಳನ್ನು ವರ್ಣಿಸಿದ್ದಾನೆ. ಇಂದು ಪ್ರಾಚೀನ ಲೋಹವಿದ್ಯೆಯನ್ನು ಅಗೆದು ತೆಗೆಯುವವರು ಎರಡನ್ನೂ ಪಕ್ಕದಲ್ಲಿಟ್ಟುಕೊಂಡೇ ಓದುತ್ತಾರೆ. ಕಲೆಯ ಪುಸ್ತಕವೆಂದು ಬರೆದದ್ದು ತಂತ್ರಜ್ಞಾನದ ದಾಖಲೆಯಾಗಿ ಹೆಚ್ಚು ಬಾಳಿತು ಎಂದರೂ ತಪ್ಪಿಲ್ಲ.

ಇಲ್ಲೊಂದು ವಿರೋಧಾಭಾಸವನ್ನೂ ಹೇಳಬೇಕು. ಖನಿಜ ಸಮೀಕ್ಷೆ ಯಾರಿಗಾಗಿ? ಗ್ರಾಫೈಟ್ ಎಲ್ಲಿದೆ, ಥೋರಿಯಂ ಎಲ್ಲಿದೆ ಎಂದು ಸಾಮ್ರಾಜ್ಯದ ಕಾರ್ಖಾನೆಗಳಿಗೆ ಹೇಳುವುದೇ ಅದರ ಉದ್ದೇಶ. ಅದರ ಸಂಬಳ ತಿನ್ನುತ್ತಲೇ ಕುಮಾರಸ್ವಾಮಿ ಕಾರ್ಖಾನೆಯ ನಾಗರಿಕತೆ ಕೈಕಸುಬನ್ನು ಕೊಲ್ಲುತ್ತಿದೆ ಎಂದು ಬರೆದರು. 1914ರಲ್ಲಿ ಆರ್ಥರ್ ಪೆಂಟಿ ಜೊತೆ ಸಂಪಾದಿಸಿದ ಪ್ರಬಂಧ ಸಂಕಲನದ ಹೆಸರಿನಲ್ಲಿ, ಉದ್ಯಮಯುಗದ ನಂತರದ ಕಾಲವನ್ನು ಸೂಚಿಸುವ ‘ಪೋಸ್ಟ್-ಇಂಡಸ್ಟ್ರಿಯಲಿಸಂ’ ಎಂಬ ಪದವನ್ನು ಬಹಳ ಮುಂಚಿತವಾಗಿಯೇ ಬಳಸಿದರು. ಹಳೆಯ ಹಳ್ಳಿಯ ಕಸುಬುದಾರನ ಬದುಕನ್ನು ಅವರು ಚಿತ್ರಿಸಿದ ರೀತಿಯಲ್ಲಿ ರಮ್ಯತೆ ಹೆಚ್ಚು; ಜಾತಿಯ ಬಿಗಿ, ರಾಜಸೇವೆಯ ಬಿಟ್ಟಿದುಡಿಮೆ ಅವರ ಬರಹದಲ್ಲಿ ಮೆದುವಾಗಿಬಿಡುತ್ತವೆ. ಕಲ್ಲನ್ನು ನೋಡುವಾಗ ಇದ್ದ ನಿಷ್ಠುರತೆ ಇಲ್ಲಿ ಅವರ ಕೈಬಿಟ್ಟಿತು.

1906ರಲ್ಲಿ ಸಿಲೋನಿನ ಭೂವಿಜ್ಞಾನದ ಕೆಲಸಕ್ಕೆ ಲಂಡನ್ ವಿಶ್ವವಿದ್ಯಾಲಯ ಡಿ.ಎಸ್‌ಸಿ. ಕೊಟ್ಟಿತು. ಬೇರೆಯವರಾದರೆ ಅಲ್ಲಿಂದ ವೃತ್ತಿಜೀವನ ಶುರು. ಕುಮಾರಸ್ವಾಮಿಯವರು ಸಮೀಕ್ಷೆ ಬಿಟ್ಟು ಭಾರತ ಸುತ್ತಿ ಇಂಗ್ಲೆಂಡಿಗೆ ಹೋದರು. ಕಾಟ್ಸ್‌ವೋಲ್ಡ್ ಬೆಟ್ಟಗಳ ಬ್ರಾಡ್ ಕ್ಯಾಂಪ್ಡನ್ ಹಳ್ಳಿಯಲ್ಲಿ ನಾರ್ಮನ್ ಚಾಪೆಲ್ ಎಂಬ ಹಳೆಯ ಕಟ್ಟಡವನ್ನು ವಾಸ್ತುಶಿಲ್ಪಿ ಸಿ. ಆರ್. ಆಶ್‌ಬಿ ಅವರಿಗಾಗಿ ಮನೆಯಾಗಿ ತಿದ್ದಿಕೊಟ್ಟಿದ್ದರು. ವಿಲಿಯಂ ಮಾರಿಸ್ ಬಳಸಿದ್ದ ಕೈಮುದ್ರಣ ಯಂತ್ರ ಅಲ್ಲಿಗೆ ಬಂತು. ಸಿಂಹಳ ಕಲೆಯ ಆ ಪುಸ್ತಕವನ್ನು ಅದರಲ್ಲೇ, ಒಂದು ವರ್ಷಕ್ಕೂ ಮಿಕ್ಕಿದ ಕಾಲ ಹಿಡಿದು, 425 ಪ್ರತಿ ಅಚ್ಚು ಮಾಡಿಸಿದರು. ಎಥೆಲ್ ಆಮೇಲೆ ಅವರಿಂದ ಬೇರೆಯಾಗಿ, ಎಥೆಲ್ ಮೇರೆಟ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಕೈಮಗ್ಗಕ್ಕೆ ಹೊಸ ಜೀವ ಕೊಟ್ಟವರಾದರು. ಸಸ್ಯಬಣ್ಣಗಳ ಬಗ್ಗೆ ಅವರು 1916ರಲ್ಲಿ ಬರೆದ ಪುಸ್ತಕದ ಬೇರು ಕ್ಯಾಂಡಿಯ ಹಳ್ಳಿಗಳಲ್ಲಿದೆ.

ಮುಂದಿನ ಕಥೆ ಬಹುಮಟ್ಟಿಗೆ ಪರಿಚಿತ, ಬೇಗ ಹೇಳಿ ಮುಗಿಸಬಹುದು. 1910–11ರ ಅಲಹಾಬಾದ್ ವಸ್ತುಪ್ರದರ್ಶನದಲ್ಲಿ ಕಲಾವಿಭಾಗದ ಹೊಣೆ ಹೊತ್ತು ಉತ್ತರ ಭಾರತದ ಚಿತ್ರಗಳನ್ನು ಕೂಡಿಹಾಕಿದರು. ಆ ಸಂಗ್ರಹದ ಸುತ್ತ ಭಾರತದಲ್ಲೊಂದು ರಾಷ್ಟ್ರೀಯ ಸಂಗ್ರಹಾಲಯ ಕಟ್ಟಬೇಕೆಂಬ ಅವರ ಆಸೆಗೆ ಯಾರೂ ಓಗೊಡಲಿಲ್ಲ. 1917ರಲ್ಲಿ ಅದು ಡೆನ್‌ಮನ್ ರಾಸ್ ಮೂಲಕ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಸೇರಿತು. ಸಂಗ್ರಹದ ಹಿಂದೆಯೇ ಸಂಗ್ರಹಕಾರರೂ ಹೋದರು, ಕೊನೆಯವರೆಗೂ ಅಲ್ಲೇ ಕೆಲಸ ಮಾಡಿದರು.

1916ರ ‘ರಾಜ್‌ಪುತ್ ಪೇಂಟಿಂಗ್’ನ ಎರಡು ಸಂಪುಟಗಳಲ್ಲಿ ಸಮೀಕ್ಷಕನ ಕೈ ಮತ್ತೆ ಕಾಣುತ್ತದೆ. ಅದುವರೆಗೆ ಎಲ್ಲ ಕಿರುಚಿತ್ರಗಳೂ ‘ಮೊಘಲ್’ ಎಂಬ ಒಂದೇ ಚೀಲದಲ್ಲಿದ್ದವು. ಅವರು ಮೊದಲು ಮೊಘಲ್ ಬೇರೆ, ರಜಪೂತ ಬೇರೆ ಎಂದರು. ಆಮೇಲೆ ರಜಪೂತದೊಳಗೆ ರಾಜಸ್ಥಾನಿ ಮತ್ತು ಪಹಾಡಿ, ಪಹಾಡಿಯೊಳಗೆ ಜಮ್ಮು ಮತ್ತು ಕಾಂಗ್ಡಾ. ಮಾದರಿ ಎಲ್ಲಿ ಸಿಕ್ಕಿತು, ಪಕ್ಕದ ಪದರ ಯಾವುದು, ಯಾವ ಲಕ್ಷಣ ಇಲ್ಲಿದ್ದು ಅಲ್ಲಿಲ್ಲ ಎಂದು ಕೇಳಿ ಕೇಳಿ ವಿಂಗಡಿಸುವುದು ಭೂವಿಜ್ಞಾನಿಯ ಅಭ್ಯಾಸ. ಅವರು ಕೊಟ್ಟ ಕಾಲನಿರ್ಣಯಗಳಲ್ಲಿ ಅನೇಕವನ್ನು ಮುಂದಿನವರು ತಿದ್ದಿದ್ದಾರೆ. ವಿಂಗಡಣೆಯ ಚೌಕಟ್ಟು ಮಾತ್ರ ಬಹುಪಾಲು ನಿಂತಿದೆ. 1927ರ ‘ಭಾರತ ಮತ್ತು ಇಂಡೊನೇಷ್ಯಾ ಕಲೆಯ ಇತಿಹಾಸ’ದಲ್ಲಿ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳೂ ಹೊಯ್ಸಳರ ಗುಡಿಗಳೂ ಜಾವಾದ ದೇಗುಲಗಳ ಜೊತೆ ಒಂದೇ ನಕ್ಷೆಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂತವು.

ಕನ್ನಡಿಗರ ಪಾಲಿಗೆ ಇನ್ನೊಂದು ಎಳೆಯಿದೆ. ಸೋದರಿ ನಿವೇದಿತಾ ಅರ್ಧಕ್ಕೆ ಬಿಟ್ಟುಹೋದ ‘ಮಿತ್ಸ್ ಆಫ್ ದ ಹಿಂದೂಸ್ ಅಂಡ್ ಬುದ್ಧಿಸ್ಟ್ಸ್’ ಪುಸ್ತಕವನ್ನು ಕುಮಾರಸ್ವಾಮಿ ಮುಗಿಸಿ 1913ರಲ್ಲಿ ಹೊರತಂದರು. ಅವನೀಂದ್ರನಾಥ ಠಾಕೂರರ ಮೇಲ್ವಿಚಾರಣೆಯಲ್ಲಿ ಶಿಷ್ಯರು ಅದಕ್ಕೆ ಚಿತ್ರ ಬರೆದರು. ಆ ಶಿಷ್ಯರಲ್ಲಿ ಒಬ್ಬರು ಮೈಸೂರಿನಿಂದ ಕಲ್ಕತ್ತೆಗೆ ಹೋಗಿದ್ದ ಕೆ. ವೆಂಕಟಪ್ಪ.

ಹವ್ಯಾಸ ಎಲ್ಲಿ ಮುಗಿದು ವೃತ್ತಿ ಎಲ್ಲಿ ಶುರುವಾಗುತ್ತದೆ ಎಂದು ಅವರ ವಿಷಯದಲ್ಲಿ ಹೇಳುವುದು ಕಷ್ಟ. ಎರಡನೆಯ ಪತ್ನಿ ಆಲಿಸ್ ರಿಚರ್ಡ್‌ಸನ್ ರತನ್‌ದೇವಿ ಎಂಬ ಹೆಸರಿನಲ್ಲಿ ಹಿಂದೂಸ್ತಾನಿ ಹಾಡು ಕಲಿತು ಪಶ್ಚಿಮದ ವೇದಿಕೆಗಳಲ್ಲಿ ಹಾಡಿದವರು. ಪಂಜಾಬು, ಕಾಶ್ಮೀರಗಳ ಮೂವತ್ತು ಹಾಡುಗಳ ಸಂಗ್ರಹವನ್ನು ಇಬ್ಬರೂ ಸೇರಿ 1913ರಲ್ಲಿ ಪ್ರಕಟಿಸಿದರು, ರವೀಂದ್ರನಾಥರು ಮುನ್ನುಡಿ ಬರೆದರು. ನೃತ್ಯದ ಹುಚ್ಚು ನಂದಿಕೇಶ್ವರನ ‘ಅಭಿನಯ ದರ್ಪಣ’ಕ್ಕೆ ಕರೆದೊಯ್ದಿತು, ಆಂಧ್ರದ ದುಗ್ಗಿರಾಲ ಗೋಪಾಲಕೃಷ್ಣಯ್ಯನವರ ಜೊತೆ ಮಾಡಿದ ಅನುವಾದ ಬಂದದ್ದು 1917ರಲ್ಲಿ. ಫೋಟೊಗ್ರಫಿಯನ್ನು ಕಲೆಯೆಂದು ಒಪ್ಪದ ಕಾಲದಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ನ 27 ಚಿತ್ರಗಳು 1924ರಲ್ಲಿ ಬಾಸ್ಟನ್ ಸಂಗ್ರಹಾಲಯಕ್ಕೆ ಕಾಣಿಕೆಯಾಗಿ ಬರುವಂತೆ ನೋಡಿಕೊಂಡವರು ಕುಮಾರಸ್ವಾಮಿ. ಅಮೆರಿಕದ ದೊಡ್ಡ ಸಂಗ್ರಹಾಲಯವೊಂದು ಫೋಟೊಗಳನ್ನು ಕಲಾಕೃತಿಯಾಗಿ ಒಳಗೆ ಬಿಟ್ಟುಕೊಂಡ ಮೊದಮೊದಲ ಪ್ರಸಂಗಗಳಲ್ಲಿ ಇದೊಂದು. ಸ್ವತಃ ಕ್ಯಾಮೆರಾ ಹಿಡಿದು ನರ್ತಕಿ ಸ್ಟೆಲ್ಲಾ ಬ್ಲಾಕ್ ಅವರ ಚಿತ್ರಗಳನ್ನು ತೆಗೆದರು. ಆಕೆ ಅವರ ಮೂರನೆಯ ಪತ್ನಿ.

1932ರ ನಂತರದ ಕುಮಾರಸ್ವಾಮಿ ಬೇರೊಬ್ಬರೇ. ಪ್ಲೇಟೊ, ಎಕ್‌ಹಾರ್ಟ್, ಶಂಕರ, ಪಾಲಿ ಸೂತ್ರಗಳನ್ನು ಒಂದೇ ಉಸಿರಿನಲ್ಲಿ ಹೇಳುವ, ಪುಟದ ಅರ್ಧ ಅಡಿಟಿಪ್ಪಣಿಯೇ ಆಗಿರುವ ಬರಹಗಳು ಅವರವು. ಕಷ್ಟದ ಓದು. ಆದರೆ ಆ ಅಡಿಟಿಪ್ಪಣಿಗಳನ್ನು ಗಮನಿಸಿದರೆ ಹಳೆಯ ಪರಿಚಯ ಹತ್ತುತ್ತದೆ: ಒಂದು ಸಂಕೇತ ಗ್ರೀಕಿನಲ್ಲಿ ಎಲ್ಲಿ ಸಿಕ್ಕಿತು, ಸಂಸ್ಕೃತದಲ್ಲಿ ಎಲ್ಲಿ, ಐಸ್‌ಲ್ಯಾಂಡಿನ ಕಾವ್ಯದಲ್ಲಿ ಎಲ್ಲಿ ಎಂದು ಪ್ರತಿ ಮಾದರಿಗೂ ಸ್ಥಳದ ಚೀಟಿ ಅಂಟಿಸಿಟ್ಟಿದ್ದಾರೆ.

ಬಾಸ್ಟನ್ ಬಳಿಯ ನೀಡಮ್‌ನಲ್ಲಿ ನಾಲ್ಕನೆಯ ಪತ್ನಿ ಲೂಯಿಸಾ ಮತ್ತು ಮಗ ರಾಮನ ಜೊತೆ ಅವರ ಮನೆ. ಮನೆಯ ಸುತ್ತ ತೋಟ, ಸಸ್ಯವಿಜ್ಞಾನದ ಪದವಿ ಅಲ್ಲಿ ಕೆಲಸಕ್ಕೆ ಬಂತು. 1947ರ ಆಗಸ್ಟಿನಲ್ಲಿ ಎಪ್ಪತ್ತು ತುಂಬಿದಾಗ ಗೆಳೆಯರು ಬಾಸ್ಟನ್ನಿನ ಹಾರ್ವರ್ಡ್ ಕ್ಲಬ್ಬಿನಲ್ಲಿ ಔತಣ ಏರ್ಪಡಿಸಿದರು. ಸ್ವತಂತ್ರ ಭಾರತಕ್ಕೆ ಮರಳಿ ಹಿಮಾಲಯದ ಮಡಿಲಲ್ಲಿ ಉಳಿದ ದಿನ ಕಳೆಯುವುದಾಗಿ ಅವರು ಅಲ್ಲಿ ಹೇಳಿದರು. ಸೆಪ್ಟೆಂಬರ್ 9ರಂದು ನೀಡಮ್‌ನ ಮನೆಯಲ್ಲೇ ತೀರಿಕೊಂಡರು. ಮೂವತ್ತು ವರ್ಷದ ಬಳಿಕ, 1977ರಲ್ಲಿ, ರಾಜರ್ ಲಿಪ್ಸಿ ಸಂಪಾದಿಸಿದ ಅವರ ಆಯ್ದ ಪ್ರಬಂಧಗಳ ಎರಡು ಸಂಪುಟ ಮತ್ತು ಜೀವನಚರಿತ್ರೆಯ ಒಂದು ಸಂಪುಟವನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಪ್ರಕಟಿಸಿತು. ಪ್ರಬಂಧಗಳ ಸಂಪುಟಗಳಿಗೆ ಆರಿಸಿದ್ದು ಕಲೆಯ, ತತ್ತ್ವದ ಬರಹಗಳನ್ನು. ಸೆರೆಂಡಿಬೈಟಿನ ಪ್ರಬಂಧ ಬೇಕಾದವರು ಈಗಲೂ 1903ರ ‘ಮಿನರಲಾಜಿಕಲ್ ಮ್ಯಾಗಜೀನ್’ ತೆರೆದು ನೋಡಬೇಕು.